ಇಪ್ಪತ್ತಮೂರನೆಯ ರೆಫರೆನ್ಸು

ಬಂಗಾರಪೇಟೆಯ ಆ ಖಾಸಗಿ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ರೆಫರೆನ್ಸ್ ಪಟ್ಟಿ ಅಂದರೆ ಟೈಪಿಸ್ಟ್ ಆದಿಲಕ್ಷ್ಮಿ, ಆದಿಲಕ್ಷ್ಮಿ ಅಂದರೆ ರೆಫರೆನ್ಸ್ ಪಟ್ಟಿ. ಭೂವಿಜ್ಞಾನದ ಗಂಧಗಾಳಿ ಅವಳಿಗಿರಲಿಲ್ಲ, ಬಿಡಿ. ಆದರೆ ಸಂಶೋಧನಾ ಲೇಖನದ ಬಾಲದಲ್ಲಿ 'ಈ ಮಾತನ್ನು ನಾನು ಇಂಥವರಿಂದ ತೆಗೆದುಕೊಂಡೆ' ಎಂದು ಒಪ್ಪಿಕೊಳ್ಳುವ ಪಟ್ಟಿಯೊಂದು ಇರುತ್ತದಲ್ಲ, ಅದರಲ್ಲಿ ಹೆಸರು ಮೊದಲೋ ಇಸವಿ ಮೊದಲೋ, ಪತ್ರಿಕೆಯ ಹೆಸರಿನ ಅಡಿಗೆ ಗೆರೆ ಬೇಕೋ ಬೇಡವೋ, ಸಂಪುಟದ ಅಂಕಿಯನ್ನು ಎರಡು ಸಲ ಕುಟ್ಟಿ ದಪ್ಪ ಮಾಡಬೇಕೋ ಒಂದೇ ಸಲ ಸಾಕೋ, ಇವನ್ನೆಲ್ಲ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದಳು. ವಿಭಾಗದ ಮುಖ್ಯಸ್ಥರಾದ ರಾಮಚಂದ್ರಪ್ಪನವರು ತಮ್ಮ ಆಧಾರಗಳನ್ನು ಮದುವೆ ಕಾಗದದ ಹಿಂದೆ, ಸಿಗರೇಟು ಪ್ಯಾಕಿನ ಒಳಗೆ, ಹೆಂಡತಿಯ ಔಷಧಿ ಚೀಟಿಯ ಮೇಲೆ ಗೀಚಿ ತಂದು ಅವಳ ಮೇಜಿನ ಮೇಲೆ ಸುರಿಯುತ್ತಿದ್ದರು. ಅವಳು ಆ ಕಸವನ್ನೆಲ್ಲ ಹೆಕ್ಕಿ, ಲೇಖನದಲ್ಲಿ ಯಾವುದು ಮೊದಲು ಬರುತ್ತದೋ ಅದಕ್ಕೆ ಒಂದು, ಆಮೇಲೆ ಬರುವುದಕ್ಕೆ ಎರಡು ಎಂದು ನಂಬರು ಕೊಟ್ಟು, ಮೂರು ಕಾರ್ಬನ್ ಇಟ್ಟು, ಅಚ್ಚುಕಟ್ಟಾಗಿ ಇಳಿಸುತ್ತಿದ್ದಳು. ನಡುವೆ ಒಂದು ಹೊಸ ಆಧಾರ ಸೇರಿತೋ, ಮುಗಿಯಿತು, ಅದರ ಕೆಳಗಿನದೆಲ್ಲ ಮತ್ತೆ ಮೊದಲಿಂದ. ಅವಳು ಗೊಣಗಿದವಳಲ್ಲ.

ಗೊಣಗುವುದಾದರೂ ಹೇಗೆ? ನಾಲ್ಕು ವರ್ಷದಿಂದ ಅವಳದು ತಾತ್ಕಾಲಿಕ ನೌಕರಿ. ಪ್ರತಿ ಜೂನ್‌ನಲ್ಲಿ ಸೇವೆ ಮುರಿದ ಹಾಗೆ ತೋರಿಸಲು ಒಂದು ದಿನ ಮನೆಗೆ ಕಳಿಸಿ ಮಾರನೆಯ ದಿನ ಮತ್ತೆ ಕರೆಯುತ್ತಿದ್ದರು. ಅವಳನ್ನು ಖಾಯಂ ಮಾಡುವ ಫೈಲು ರಾಮಚಂದ್ರಪ್ಪನವರ ಮೇಜಿನ ಬಲಗಡೆಯ ಖಾನೆಯಲ್ಲಿತ್ತು. ಅವರು ಬೈಯುವ ಮನುಷ್ಯರಲ್ಲ, ನಯವಾಗಿ ಮಾತಾಡುವವರು. ಬೈಯುವವರಾದರೆ ಬೈಸಿಕೊಂಡು ಮನೆಗೆ ಹೋಗಬಹುದು. ನಯವಂತರ ಕೈಯಿಂದ ತಪ್ಪಿಸಿಕೊಳ್ಳುವುದಿದೆಯಲ್ಲ, ಅದು ಶತ್ರುವಿಗೂ ಬೇಡ.

ಆದಿಲಕ್ಷ್ಮಿಯ ಮನೆ ಚಿನ್ನದ ಗಣಿಗಳ ನಡುವಿನ ಚಾಂಪಿಯನ್ ರೀಫ್ಸ್‌ನಲ್ಲಿ. ಬೆಳಗ್ಗೆ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹಿಡಿದರೆ ಬಂಗಾರಪೇಟೆ, ಸಂಜೆ ಅದೇ ರೈಲಿನಲ್ಲಿ ವಾಪಸು. ಅಪ್ಪ ಮುನಿಸ್ವಾಮಪ್ಪ ಗಣಿಯ ಟೈಮ್ ಆಫೀಸಿನಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದವನು. ಪಾಳಿಗೆ ಎಷ್ಟು ಜನ ಕೆಳಗೆ ಇಳಿದರು, ಎಷ್ಟು ಜನ ಮೇಲೆ ಬಂದರು, ಇದು ಅವನ ಲೆಕ್ಕ. ಇಳಿದವರ ಸಂಖ್ಯೆಗೂ ಹತ್ತಿದವರ ಸಂಖ್ಯೆಗೂ ತಾಳೆಯಾಗುವವರೆಗೆ ಅವನು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ತಾಳೆಯಾಗದಿದ್ದರೆ ಆ ಹೆಸರಿನ ಮುಂದೆ 'ಬರಲಿಲ್ಲ' ಎಂದು ಬರೆದು ಸೈರನ್ ಹಾಕಿಸಬೇಕು. ಅಷ್ಟು ವರ್ಷದಲ್ಲಿ ಒಂದು ದಿನವೂ ಅವನ ಎಣಿಕೆ ತಪ್ಪಿರಲಿಲ್ಲ. ಉರಿಗಾಂನಿಂದ ಮಾರಿಕುಪ್ಪಂವರೆಗೆ ಈ ಮಾತನ್ನು ಯಾರನ್ನು ಕೇಳಿದರೂ ಒಪ್ಪುತ್ತಿದ್ದರು.

ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಗಳು ನಡುಗುತ್ತವೆ. ಅಲ್ಲಿನವರಿಗೆ ಅದು ಸೀನು ಬಂದಷ್ಟೇ ಮಾಮೂಲು. ಆದರೆ 1962ರಲ್ಲಿ ಒಂದು ಮಧ್ಯಾಹ್ನ ಮನೆ ನಡುಗಿ, ಹಲಗೆಯ ಮೇಲಿದ್ದ ನೀರಿನ ಕೊಡವೇ ಉರುಳಿಬಿತ್ತು. ಆವತ್ತು ಕೆಳಗಿದ್ದವನು ಮುನಿಸ್ವಾಮಪ್ಪನ ಒಡಹುಟ್ಟಿದ ತಮ್ಮ ಮುನಿನಾರಾಯಣಪ್ಪ, ಇಪ್ಪತ್ತನಾಲ್ಕು ವರ್ಷದ ಹುಡುಗ. ರಜದ ಮೇಲೆ ಮನೆಯಲ್ಲಿದ್ದ ಅಣ್ಣ ಗಡಿಯಾರ ನೋಡಿ ಹೊಸ ನೋಟ್‌ಬುಕ್ಕಿನಲ್ಲಿ ಗಂಟೆ ಬರೆದ. ಸಂಜೆ ಅದರ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿದ. 'ಕೊಡ ಬಿತ್ತು. ತಮ್ಮ ಬರಲಿಲ್ಲ.'

ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಹೆಂಡತಿ ಚಿಕ್ಕವೆಂಕಟಮ್ಮನ ಪಾತ್ರೆ ಹಲಗೆಯೇ ಅವನ ನಡುಕ ಅಳೆಯುವ ಯಂತ್ರ. ಅಂಚಿನಲ್ಲಿ ಲೋಟ, ಅದರ ಹಿಂದೆ ತಟ್ಟೆ, ತಟ್ಟೆಯ ಹಿಂದೆ ಚೊಂಬು, ಗೋಡೆಗೆ ಒರಗಿ ಕೊಡ. ಲೋಟ ಬಿದ್ದರೆ ಸಣ್ಣ ನಡುಕ, ತಟ್ಟೆ ಬಿದ್ದರೆ ಅದಕ್ಕಿಂತ ದೊಡ್ಡದು, ಚೊಂಬು ಬಿದ್ದರೆ ಕೆಳಗೆ ಯಾರಾದರೂ ಇದ್ದಾರೆಯೇ ಎಂದು ಕೇಳಬೇಕು. ಇಪ್ಪತ್ತಾರು ವರ್ಷದಲ್ಲಿ ಹನ್ನೆರಡು ನೋಟ್‌ಬುಕ್ಕು, ಇನ್ನೂರ ಹದಿನಾಲ್ಕು ನಡುಕ. ಪಾತ್ರೆ ತೊಳೆದು ಇಡುವಾಗ ಚಿಕ್ಕವೆಂಕಟಮ್ಮ ಒಂದಂಗುಲ ಆಚೀಚೆ ಇಟ್ಟರೂ ಮನೆಯಲ್ಲಿ ಜಗಳವಾಗುತ್ತಿತ್ತು. "ನಂಗೂ ನಿಮ್ಗೂ ಅಲ್ಲ, ಈ ಲೋಟಕ್ಕೂ ನಿಮ್ಗೂ ಮದ್ವೆ ಆಗ್ಬೇಕಿತ್ತು," ಎಂದು ಅವಳು ಮೂದಲಿಸುತ್ತಿದ್ದಳು.

ಈ ನೋಟ್‌ಬುಕ್ಕುಗಳ ಸುದ್ದಿಯನ್ನು ರಾಮಚಂದ್ರಪ್ಪನವರ ಕಿವಿಗೆ ಹಾಕಿದವಳು ಆದಿಲಕ್ಷ್ಮಿಯೇ. ಅಪ್ಪನಿಗೆ ಒಂದಿಷ್ಟು ಹೆಸರು ಬರಲಿ, ತನ್ನ ಫೈಲು ಒಂದಿಷ್ಟು ಅಲ್ಲಾಡಲಿ ಎಂದು. ಯಾಕೆ ಸುಳ್ಳು ಹೇಳಬೇಕು, ಎರಡೂ ಆಸೆ ಇತ್ತು. ರಾಮಚಂದ್ರಪ್ಪನವರು ಮನೆಗೇ ಬಂದು, ಚಾಪೆಯ ಮೇಲೆ ಕೂತು ಕಾಫಿ ಕುಡಿದು, ಹನ್ನೆರಡನ್ನೂ ಚೀಲಕ್ಕೆ ಹಾಕಿಕೊಂಡು ಹೋದರು. ಎಂಟು ತಿಂಗಳಲ್ಲಿ ಲೇಖನ ತಯಾರಾಗಿ ಬೆಂಗಳೂರಿನ ಒಂದು ಭೂವಿಜ್ಞಾನ ಪತ್ರಿಕೆಗೆ ಹೋಯಿತು. ಲೇಖಕರು ರಾಮಚಂದ್ರಪ್ಪ, ಒಬ್ಬರೇ. ಕೊನೆಯಲ್ಲಿ ನಲವತ್ತೊಂದು ರೆಫರೆನ್ಸು. ಇಪ್ಪತ್ತಮೂರನೆಯದು ಹೀಗಿತ್ತು: ಮುನಿಸ್ವಾಮಪ್ಪ, ಸಿ. ವಿ., ಮನೆಯಲ್ಲಿ ಬರೆದಿಟ್ಟ ನೋಟ್‌ಬುಕ್ಕುಗಳು, 1962–1988, ಅಪ್ರಕಟಿತ.

ಆ ಪಟ್ಟಿಯ ಒಂದು ಕಾರ್ಬನ್ ಪ್ರತಿಯನ್ನು ಅವಳು ಮನೆಗೆ ತಂದಳು. ಅಪ್ಪ ಬಾಗಿಲ ಬೆಳಕಿಗೆ ಹಿಡಿದು ಓದಿದ. ಮೇಲಿನ ಹೆಸರನ್ನೂ ಕೆಳಗಿನ ಹೆಸರನ್ನೂ ಓದಿದ. ಒಬ್ಬ ಜರ್ಮನಿಯವನು, ಒಬ್ಬ ಜಪಾನಿನವನು, ನಡುವೆ ಇವನು.

"ಈ ಜಪಾನ್‌ನೋನು ಏನು ಮಾಡವ್ನಮ್ಮಾ?"

"ಭೂಕಂಪದ ಮೇಲೆ ದೊಡ್ಡ ಪುಸ್ತಕ ಬರ್ದವ್ನಂತೆ ಕಣಪ್ಪ."

"ಅವನ ಮನ್ಯಾಗೂ ಲೋಟ ಬೀಳ್ತಿದ್ವೇನೋ," ಎಂದು ಅಪ್ಪ ನಕ್ಕ. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ನಿವೃತ್ತಿಯ ಪತ್ರ ಇಟ್ಟಿದ್ದ ತಗಡಿನ ಪೆಟ್ಟಿಗೆಯಲ್ಲಿ ಇಟ್ಟ. ಅಚ್ಚಾದ ಪುಸ್ತಕವನ್ನು ತಾನೇ ಕೈಯಲ್ಲಿ ತಂದುಕೊಡುತ್ತೇನೆಂದು ಆದಿಲಕ್ಷ್ಮಿ ಮಾತು ಕೊಟ್ಟಳು. ಅವಳ ಅಪ್ಪ ಯಾವತ್ತೂ ಏನನ್ನೂ ಕೇಳಿದವನಲ್ಲ. ಇದೊಂದನ್ನು ಮಾತ್ರ ದಿನಾ ಸಂಜೆ ಕೇಳುತ್ತಿದ್ದ. "ಬಂತೇನಮ್ಮಾ?"

ಬಂದದ್ದು ಪುಸ್ತಕವಲ್ಲ, ವಾಪಸಾದ ಲೇಖನ. ಬೆಂಗಳೂರಿನ ಆ ಪತ್ರಿಕೆಗೆ ತನ್ನದೇ ನಿಯಮಗಳಿದ್ದವು. ಪ್ರಕಟವಾಗದ ದಾಖಲೆಯನ್ನು ಆಧಾರವಾಗಿ ಕೊಟ್ಟರೆ, ಬರೆದವರು ಲೇಖನವನ್ನು ಓದಿ 'ನನ್ನ ದಾಖಲೆಯನ್ನು ಸರಿಯಾಗಿ ಬಳಸಿದ್ದಾರೆ' ಎಂದು ಸಹಿ ಮಾಡಿದ ಕಾಗದ ಲಗತ್ತಿಸಬೇಕು. ಬರೆದವರು ತೀರಿಕೊಂಡಿದ್ದರೆ ಹೆಸರಿನ ಮುಂದೆ ಹಾಗೆಂದು ನಮೂದಿಸಿದರೆ ಸಾಕು.

"ಅದಕ್ಕೇನು ತಾಯಿ, ನಿಮ್ಮ ತಂದೆಯವರ ಒಂದು ಸಹಿ. ಎರಡು ನಿಮಿಷದ ಕೆಲಸ," ಎಂದರು ರಾಮಚಂದ್ರಪ್ಪ.

ಎರಡು ನಿಮಿಷದ ಕೆಲಸಕ್ಕೆ ಮುನಿಸ್ವಾಮಪ್ಪ ಎರಡು ದಿನ ತೆಗೆದುಕೊಂಡ. ಟೈಮ್ ಆಫೀಸಿನ ಇಂಗ್ಲಿಷು ಅವನದು. ಪದ ಕಡಿಮೆ, ಅಂಕಿ ಗಟ್ಟಿ. ಲೇಖನದ ಮಾತುಗಳನ್ನು ದಾಟಿ ನೇರವಾಗಿ ಕೋಷ್ಟಕಕ್ಕೆ ಹೋದ. ಬೆರಳಿಟ್ಟು ಎಣಿಸಿದ. ಮತ್ತೆ ಎಣಿಸಿದ.

"ಇನ್ನೂರ ಮೂರೇ ಅವೆ ಕಣಮ್ಮ. ಅನ್ನೊಂದು ಎಲ್ಲೋದ್ವು?"

ಆದಿಲಕ್ಷ್ಮಿಗೆ ಗೊತ್ತಿತ್ತು, ಟೈಪ್ ಮಾಡಿದವಳೇ ಅವಳಲ್ಲವೇ. ಗಣಿಯವರ ಅಳತೆಯ ಯಂತ್ರ ಕೆಟ್ಟು ತಾಳೆ ನೋಡಲಾಗದ ದಿನಗಳ ನಡುಕಗಳನ್ನು, ಗ್ರಾಫಿನ ಗೆರೆಯ ಮೇಲೆ ಕೂರದವನ್ನು ರಾಮಚಂದ್ರಪ್ಪನವರು ತೆಗೆದುಹಾಕಿದ್ದರು. ತೆಗೆದಿದ್ದೇನೆಂದು ಲೇಖನದಲ್ಲಿ ಎಲ್ಲೂ ಹೇಳಿರಲಿಲ್ಲ. ಮುನಿಸ್ವಾಮಪ್ಪ ಬರೆದದ್ದೇ ಇನ್ನೂರ ಮೂರು ಎಂಬಂತೆ ಬರೆದಿದ್ದರು. ಕಾಣೆಯಾದ ಹನ್ನೊಂದರಲ್ಲಿ ಮೊಟ್ಟಮೊದಲನೆಯದೂ ಒಂದು.

"ಇನ್ನೂರ ಹದಿನಾಕು ಜನ ಇಳಿದು ಇನ್ನೂರ ಮೂರು ಜನ ಅತ್ತಿದ್ರೆ ನಾನು ರಿಜಿಸ್ಟ್ರು ಮುಚ್ಚಿ ಮನೆಗೆ ಓಗ್ಲಾ? ಅನ್ನೊಂದು ಜನ ಕೆಳಗವ್ರೆ ಅಂತ ತಾನೆ ಅರ್ಥ?" ಎಂದ ಅಪ್ಪ. ಕಾಗದವನ್ನು ಸಹಿಯಿಲ್ಲದೆ ಅವಳ ಕೈಗೆ ಕೊಟ್ಟ. "ಸಾರ್‌ಗೆ ಯೇಳು. ಅವನ್ನ ಮೇಲೆ ತರ್ಲಿ. ಆವಾಗ ಎಲ್ಲಿ ಬೇಕಾದ್ರೂ ಸೈನ್ ಆಕ್ತೀನಿ. ತಮ್ಮನ್ನ ಬಿಟ್ಟು ನಾನೊಬ್ನೇ ಪುಸ್ತಕದಾಗೆ ಓಗಿ ಕೂತ್ಕಳಕ್ಕಾಯ್ತದಾ?"

ಹೇಳಿದ್ದನ್ನು ಹೇಳಿದಂತೆಯೇ ಅವಳು ರಾಮಚಂದ್ರಪ್ಪನವರ ಮುಂದೆ ಒಪ್ಪಿಸಿದಳು. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಸಿಟ್ಟು ಬಂದಿತ್ತು, ತೋರಿಸಲಿಲ್ಲ.

"ಟೈಮ್ ಆಫೀಸಿನವರು ನನಗೆ ಪಾಠ ಹೇಳ್ತಾರೆ, ಅಲ್ಲವೇ? ಹೇಳಲಿ. ದೊಡ್ಡವರು." ಕನ್ನಡಕ ಹಾಕಿಕೊಂಡರು. "ಇಪ್ಪತ್ತಮೂರನ್ನು ತೆಗೆದರೆ ಲೇಖನದಲ್ಲಿ ಉಳಿಯೋದು ನನ್ನ ಹೆಸರೊಂದೇ. ಸೇರಿಸಿದರೆ ಸಹಿ ಬೇಕು. ಆದರೆ ನಿಯಮದಲ್ಲಿ ಇನ್ನೊಂದು ದಾರಿ ಇದೆಯಲ್ಲ ತಾಯಿ, ಓದಿದೆಯಾ?"

ಅವಳು ಓದಿದ್ದಳು. ಓದಿದ್ದರೂ ಆ ದಾರಿ ಇಲ್ಲಿಗೆ ಬರುತ್ತದೆಂದು ಎಣಿಸಿರಲಿಲ್ಲ. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಅನ್ನುತ್ತಾರಲ್ಲ, ಹಾಗಾಯಿತು ಅವಳ ಪಾಡು.

"ಸಾರ್, ಅವರು ಬದುಕಿದ್ದಾರೆ. ಬೆಳಗ್ಗೆ ನನಗೆ ಬುತ್ತಿ ಕಟ್ಟಿಕೊಟ್ಟರು."

"ಯಾರು ಇಲ್ಲ ಅಂದರು? ನೂರು ವರ್ಷ ಇರಲಿ. ಇದು ಆಧಾರಪಟ್ಟಿ ತಾಯಿ, ಪಡಿತರ ಚೀಟಿ ಅಲ್ಲ. ಬೆಂಗಳೂರಿನಲ್ಲಿ ಇನ್ನೂರು ಜನ ನೋಡ್ತಾರೆ, ಮರೀತಾರೆ. ಚಾಂಪಿಯನ್ ರೀಫ್ಸ್‌ಗೆ ಬಂದು ನಾಡಿ ಹಿಡಿಯೋರು ಯಾರು?" ಅವರು ಬಲಗಡೆಯ ಖಾನೆಯನ್ನು ಎಳೆದರು, ಫೈಲನ್ನು ತೆಗೆದು ಮೇಜಿನ ಮೇಲಿಟ್ಟರು, ಬಿಚ್ಚಲಿಲ್ಲ. "ಕಮಿಟಿ ಮಾರ್ಚ್‌ನಲ್ಲಿ ಕೂರುತ್ತೆ. ನಿನಗೂ ವಯಸ್ಸಾಗ್ತಾ ಬಂತು. ಸಂಜೆಯೊಳಗೆ ಪಟ್ಟಿ ಕೊಡು."

ಅವಳು ಎದ್ದು ಬಂದು ಮಿಷನ್ನಿನ ಮುಂದೆ ಕೂತಳು. ಹೊಸ ಹಾಳೆ, ಮೂರು ಕಾರ್ಬನ್. ಒಂದರಿಂದ ಇಪ್ಪತ್ತೆರಡರವರೆಗೆ ಕೈ ತಾನಾಗಿ ಓಡಿತು. ಇಪ್ಪತ್ತಮೂರಕ್ಕೆ ಬಂದು ಅಪ್ಪನ ಹೆಸರು ಹೊಡೆದಳು. ತೀರಿಕೊಂಡವರೆಂದು ಹೇಳುವ ಇಂಗ್ಲಿಷ್ ಪದಕ್ಕೆ ಎಂಟು ಅಕ್ಷರ, ಅದರ ಆಚೆ ಈಚೆ ಎರಡು ಕಂಸ. ಹತ್ತು ಏಟು. ಒಂಬತ್ತನೆಯದಕ್ಕೆ ಅವಳ ಬೆರಳು ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ನಿಲ್ಲಲಿಲ್ಲ. ಕಂಸ ಮುಚ್ಚಿ, ಅಲ್ಪವಿರಾಮ ಹಾಕಿ, ಇಪ್ಪತ್ತನಾಲ್ಕಕ್ಕೆ ಹೋದಳು. ಪಟ್ಟಿಯಲ್ಲಿ ಒಂದು ತಪ್ಪೂ ಇರಲಿಲ್ಲ.

ಸಂಜೆ ಅಪ್ಪ ಕೇಳಿದ. "ಅನ್ನೊಂದೂ ಸೇರಿಸ್ತಾರಂತಾ?"

"ಊಂ ಅಪ್ಪ," ಎಂದಳು. "ಸೈನ್ ಬೇಡ್ವಂತೆ."

"ಒಳ್ಳೇರು ಕಣಮ್ಮ ನಿಮ್ ಸಾರು," ಎಂದ ಅಪ್ಪ.

ವಿಷಯ ಅಲ್ಲಿಗೇ ಮಣ್ಣಾಗಬಹುದಿತ್ತು. ಆದರೆ ಪತ್ರಿಕೆಯ ಸಂಪಾದಕರು ಒಳ್ಳೆಯ ಮನುಷ್ಯರು, ಅದೇ ಮುಳುವಾಯಿತು. ನಿವೃತ್ತ ಭೂವಿಜ್ಞಾನಿ, ಎಪ್ಪತ್ತು ದಾಟಿದವರು, ಆ ಲೋಟ ತಟ್ಟೆ ಚೊಂಬಿನ ಕಥೆ ಓದಿ ಕರಗಿಹೋಗಿದ್ದರು. ಅಂಥ ದಿವಂಗತರ ಮನೆಯನ್ನು, ಆ ಹಲಗೆಯನ್ನು, ನೋಟ್‌ಬುಕ್ಕುಗಳನ್ನು ಕಣ್ಣಾರೆ ನೋಡಬೇಕು, ಜನವರಿಯ ಮೊದಲ ಶನಿವಾರ ರೈಲಿನಲ್ಲಿ ಬರುತ್ತೇನೆ ಎಂದು ಕಾಗದ ಬರೆದರು.

ರಾಮಚಂದ್ರಪ್ಪನವರು ಅವಳನ್ನು ಕರೆದು ಬಾಗಿಲು ಮುಂದೆ ಮಾಡಿದರು. "ಒಂದು ದಿನದ ಮಾತು. ನಿಮ್ಮ ತಂದೆ ತಾಯಿ ಎಲ್ಲಾದರೂ ಊರಿಗೆ ಹೋಗಿಬರಲಿ. ಮನೆಯಲ್ಲಿ ನೀನಿರು ಸಾಕು. ತಂದೆಯವರ ಫೋಟೋ ಇದೆ ತಾನೆ? ಒಂದು ಹಾರ ಹಾಕು. ಇಲ್ಲದಿದ್ದರೆ ಅವರಿಗೆ ಅನುಮಾನ ಬರುತ್ತೆ."

"ಸಾರ್, ಅದೊಂದು..."

"ಹೂವು ತಾನೆ ತಾಯಿ? ದೇವರಿಗೂ ಹಾಕ್ತೀವಿ, ಮದುಮಗನಿಗೂ ಹಾಕ್ತೀವಿ."

ಬಂಗಾರಪೇಟೆಯ ಪಕ್ಕದ ಹಳ್ಳಿಯಲ್ಲಿ ಸೋದರಮಾವ ಕೆಂಪಣ್ಣನ ಮೊಮ್ಮಗುವಿಗೆ ನಾಮಕರಣವಿತ್ತು. ದೇವರೇ ಮಾಡಿಕೊಟ್ಟ ಅನುಕೂಲ ಎಂದುಕೊಂಡಳು. ಶನಿವಾರ ಬೆಳಗ್ಗೆ ಅಪ್ಪ ಅಮ್ಮ ಇಬ್ಬರನ್ನೂ ರೈಲು ಹತ್ತಿಸಿದಳು. ಅಪ್ಪನಿಗೆ ಮನಸ್ಸಿರಲಿಲ್ಲ. "ಮನ್ಯಾಗೆ ಯಾರೂ ಇಲ್ದಾಗ ಲೋಟ ಬಿದ್ರೆ ಬರಿಯೋರು ಯಾರು?" ಎಂದ. ತಾನೇ ಬರೆಯುತ್ತೇನೆಂದು ಒಪ್ಪಿಸಿದಳು. ಆಮೇಲೆ ಮನೆಗೆ ಬಂದು, ಅಪ್ಪ ನಿವೃತ್ತನಾದ ದಿನ ಟೈಮ್ ಆಫೀಸಿನ ಬಾಗಿಲಲ್ಲಿ ತೆಗೆಸಿದ ಫೋಟೋವನ್ನು ಮೊಳೆಗೆ ತೂಗುಹಾಕಿ, ಹಿಂದಿನ ದಿನ ತಂದು ಬಕೆಟ್ಟಿನಲ್ಲಿ ಮುಚ್ಚಿಟ್ಟಿದ್ದ ಸುಗಂಧರಾಜದ ಹಾರವನ್ನು ಅದಕ್ಕೆ ಹಾಕಿದಳು. ಎರಡು ಊದುಬತ್ತಿಯನ್ನೂ ಹಚ್ಚಿದಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲಸ ಅಚ್ಚುಕಟ್ಟಾಗಿ ಮಾಡಿ ಅಭ್ಯಾಸ, ಇನ್ನೇನು!

ಹನ್ನೊಂದು ಗಂಟೆಗೆ ಸಂಪಾದಕರನ್ನು ಕರೆದುಕೊಂಡು ರಾಮಚಂದ್ರಪ್ಪನವರು ಬಂದರು. ಸಂಪಾದಕರು ಚಪ್ಪಲಿ ಬಿಟ್ಟು, ಮೊದಲು ಫೋಟೋದ ಮುಂದೆ ನಿಂತು ಕಣ್ಣು ಮುಚ್ಚಿ ಕೈಮುಗಿದರು. ಹಲಗೆಯನ್ನು ನೋಡಿದರು, ಲೋಟವನ್ನು ಬೆರಳ ತುದಿಯಿಂದ ಮುಟ್ಟಿದರು. ಚಾಪೆಯ ಮೇಲೆ ಕೂತು ರಾಮಚಂದ್ರಪ್ಪನವರು ತಂದಿದ್ದ ನೋಟ್‌ಬುಕ್ಕುಗಳನ್ನು ಒಂದೊಂದಾಗಿ ತಿರುವಿದರು. ಎಲ್ಲ ಸರಾಗವಾಗಿ ನಡೆಯುತ್ತಿತ್ತು. ಇನ್ನೇನು ಕಾಫಿ ಕುಡಿದು ಏಳುತ್ತಾರೆ ಅನ್ನುವಾಗ ಬಾಗಿಲಲ್ಲಿ ನೆರಳು ಕಾಣಿಸಿತು. ಕಂಕುಳಲ್ಲಿ ಅವರೆಕಾಯಿಯ ಚೀಲ, ಹೆಗಲ ಮೇಲೆ ಟವೆಲು.

"ಮನಸು ತಡೀಲಿಲ್ಲ ಕಣಮ್ಮ, ನಿಮ್ಮವ್ವನ್ನ ಅಲ್ಲೇ ಬಿಟ್ಟು ಬಂದ್ಬಿಟ್ಟೆ. ಯಾರು ಬಂದವ್ರೆ..."

ಮುನಿಸ್ವಾಮಪ್ಪನ ಮಾತು ಅಲ್ಲಿಗೇ ನಿಂತಿತು. ಅವನು ಫೋಟೋ ನೋಡಿದ. ಹಾರ ನೋಡಿದ. ಹೊಗೆಯಾಡುತ್ತಿದ್ದ ಊದುಬತ್ತಿ ನೋಡಿದ. ಆಮೇಲೆ ಮಗಳನ್ನು ನೋಡಿದ.

ರಾಮಚಂದ್ರಪ್ಪನವರು ಚಂಗನೆ ಎದ್ದರು. "ಬನ್ನಿ ಬನ್ನಿ! ಸಾರ್, ಇವರು ಮುನಿಸ್ವಾಮಪ್ಪನವರ ಒಡಹುಟ್ಟಿದ ತಮ್ಮ. ಮುಖ ನೋಡಿ, ಅಚ್ಚು ಅಣ್ಣನದೇ."

ಸಂಪಾದಕರೂ ಎದ್ದು ನಿಂತು ಕೈಮುಗಿದರು. "ನಿಮ್ಮ ಅಣ್ಣನವರು ದೊಡ್ಡ ಕೆಲಸ ಮಾಡಿ ಹೋಗಿದ್ದಾರೆ. ಬದುಕಿದ್ದಾಗ ಕಾಣುವ ಭಾಗ್ಯ ನನಗೆ ಬರಲಿಲ್ಲ." ಆದಿಲಕ್ಷ್ಮಿಯ ಕಡೆ ತಿರುಗಿದರು. "ನಿಮ್ಮ ಚಿಕ್ಕಪ್ಪ ಏನಮ್ಮ?"

ಆ ಒಂದು ಕ್ಷಣದಲ್ಲಿ ಅವಳು ಏನು ಬೇಕಾದರೂ ಹೇಳಬಹುದಿತ್ತು. ಬಾಯಿ ಅವಳದೇ, ನಾಲಿಗೆ ಅವಳದೇ. ರಾಮಚಂದ್ರಪ್ಪನವರು ಮುಗುಳ್ನಗುತ್ತ ಅವಳನ್ನೇ ನೋಡುತ್ತಿದ್ದರು, ಖಾನೆ ಎಳೆದ ದಿನ ನೋಡಿದ ಹಾಗೆಯೇ.

"ಹೌದು ಸಾರ್," ಎಂದಳು. "ಚಿಕ್ಕಪ್ಪ."

ಮುನಿಸ್ವಾಮಪ್ಪ ಅವರೆಕಾಯಿಯ ಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟ. ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಂಡು ಮುಗಿಯಲು ಸ್ವಲ್ಪ ಹೊತ್ತೇ ಬೇಕಾಯಿತು.

"ಊಂ ಸಾರ್," ಎಂದ. "ನಾನು ತಮ್ಮ. ಮುನಿನಾರಾಯಣಪ್ಪ."

ಸಂಪಾದಕರು ಅವನ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಅಣ್ಣ ಹೇಗೆ ಬರೆಯುತ್ತಿದ್ದರು, ಯಾವ ಗಡಿಯಾರ, ಪಾತ್ರೆ ಯಾಕೆ ಹಾಗೇ ಜೋಡಿಸುತ್ತಿದ್ದರು, ಒಂದೊಂದನ್ನೂ ಕೇಳಿದರು. ಅವನು ಒಂದೊಂದಕ್ಕೂ ಉತ್ತರ ಕೊಟ್ಟ. ಅಣ್ಣ ಹೀಗೆ ಮಾಡುತ್ತಿದ್ದ, ಅಣ್ಣ ಹಾಗೆ ಹೇಳುತ್ತಿದ್ದ. ಒಮ್ಮೆಯೂ ನಾಲಿಗೆ ತೊಡರಲಿಲ್ಲ.

"ಒಟ್ಟು ಎಷ್ಟು ನಡುಕ ಬರೆದಿದ್ದರು, ನಿಮಗೆ ಗೊತ್ತಿದೆಯೇ?"

"ಇನ್ನೂರ ಹದಿನಾಕು," ಎಂದುಬಿಟ್ಟ. ಇಷ್ಟು ವರ್ಷ ಎಣಿಸಿದ ಬಾಯಿ, ಕೇಳಿದ ಕೂಡಲೇ ಹೇಳಿತು.

ಸಂಪಾದಕರು ಚೀಲದಿಂದ ಲೇಖನ ತೆಗೆದರು. "ಇಲ್ಲಿ ಇನ್ನೂರ ಮೂರು ಅಂತಿದೆಯಲ್ಲ. ರಾಮಚಂದ್ರಪ್ಪನವರೇ, ಹೇಗೂ ಪುಸ್ತಕಗಳು ಇಲ್ಲೇ ಇವೆ. ಎಣಿಸಿಬಿಡೋಣವೇ?" ಅವರು ಮೊದಲ ನೋಟ್‌ಬುಕ್ಕು ಬಿಚ್ಚಿದರು. "ಇದೋ, ಮೊಟ್ಟಮೊದಲನೆಯದೇ ಕೋಷ್ಟಕದಲ್ಲಿಲ್ಲ. 1962. 'ಕೊಡ ಬಿತ್ತು. ತಮ್ಮ ಬರಲಿಲ್ಲ.'" ತಲೆಯೆತ್ತಿದರು. "ತಮ್ಮ ಅಂದರೆ... ನೀವೇ ಅಲ್ಲವೇ?"

ರಾಮಚಂದ್ರಪ್ಪನವರ ಮುಗುಳ್ನಗೆ ಒಣಗಿತ್ತು. ಒಂದು ಮಾತು ಸಾಕಿತ್ತು. 'ನಾನೇ ಮುನಿಸ್ವಾಮಪ್ಪ, ಸತ್ತವನು ಅವನು' ಎಂದಿದ್ದರೆ ಕಾಣೆಯಾದ ಹನ್ನೊಂದೂ ಅಲ್ಲಿಯೇ ಮೇಲೆ ಬರುತ್ತಿದ್ದವು. ಅಪ್ಪ ಮಗಳನ್ನು ನೋಡಿದ. ಅವಳು ಕಾಫಿ ಪಾತ್ರೆಯನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಹೇಳಬೇಡ ಎಂದು ಅವಳ ಮುಖದಲ್ಲಿ ಬರೆದಿತ್ತು. ಅವಳಿಗೇ ಗೊತ್ತಿತ್ತು ಹಾಗೆ ಬರೆದಿದೆಯೆಂದು. ಒರೆಸಿಕೊಳ್ಳಲು ಅವಳಿಂದ ಆಗಲಿಲ್ಲ.

"ಆವತ್ತು ಬರಾದು ತಡ ಆಯ್ತು ಸಾರ್," ಎಂದ ಅಪ್ಪ. "ಆಮೇಲೆ ಬಂದೆ."

"ಹಾಗಾದರೆ ಇದು ತಪ್ಪು ನಮೂದು."

"ತಪ್ಪೇ ಸಾರ್. ನಮ್ಮಣ್ಣ ಒಳ್ಳೇನು, ಆದ್ರೆ ಲೆಕ್ಕ ತಪ್ತಿದ್ದ. ಬೀಳ್ದಿರೋ ಲೋಟನೂ ಬಿತ್ತು ಅಂತ ಬರ್ಕಂತಿದ್ದ. ನಮ್ ಮೇಷ್ಟ್ರು ತೆಗೆದಿರಾದೇ ಸರಿ ಐತೆ."

ಸಂಪಾದಕರು ನಿಟ್ಟುಸಿರು ಬಿಟ್ಟು, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಅವನ ಮಾತನ್ನು ಹೇಳಿದ ಹಾಗೆಯೇ ಬರೆದುಕೊಂಡರು. ಹೇಳಿದೆನಲ್ಲ, ಒಳ್ಳೆಯ ಮನುಷ್ಯರು. ಯಾರು ಹೇಳಿದ್ದನ್ನೂ ಬಿಡುವವರಲ್ಲ.

ಅವರು ಹೋದ ಮೇಲೆ ಅಪ್ಪ ಚಾಪೆಯ ಮೇಲೆ ಕೂತು ಅವರೆಕಾಯಿ ಸುಲಿಯತೊಡಗಿದ. ಆದಿಲಕ್ಷ್ಮಿ ಕಾಲ ಬುಡದಲ್ಲಿ ಕುಸಿದು ಕೂತಳು. "ಅಪ್ಪಾ, ನಂಗೆ ಬೇರೆ ದಾರಿ ಇರ್ಲಿಲ್ಲ..." ಅವನು ಇನ್ನೊಂದು ಕಾಯಿ ಬಿಡಿಸಿದ. ಸುಲಿದ ಕಾಳನ್ನು ಎಣಿಸುತ್ತಿದ್ದನೋ ಏನೋ, ತುಟಿ ಅಲ್ಲಾಡುತ್ತಿತ್ತು. ಸಂಜೆ ಚಿಕ್ಕವೆಂಕಟಮ್ಮ ನಾಮಕರಣದ ಕಜ್ಜಾಯ ಹಿಡಿದು ಒಳಗೆ ಬಂದವಳು ಗೋಡೆ ನೋಡಿ ಚೀರಿದಳು.

"ಬದುಕಿರೋ ಗಂಡನ ಪಟಕ್ಕೆ ಆರ ಆಕಿದ ಅನಿಷ್ಟ ಮುಂಡೆ ಯಾವಳೇ?"

"ನಾನೇ ಕಣಮ್ಮ," ಎಂದಳು ಆದಿಲಕ್ಷ್ಮಿ.

ಅಮ್ಮ ಕೆನ್ನೆಗೆ ಬಿಟ್ಟ ಏಟಿನ ಸದ್ದು ಪಕ್ಕದ ಮನೆಗೆ ಕೇಳಿಸಿತು. ಹಾರಕ್ಕೆ ಕೈಹಾಕಿದಾಗ ಗಂಡ ತಡೆದ. "ಬುಡು. ಉವ್ವ ಬಾಡೋಗಂಟ ಇರ್ಲಿ."

ಮಾರ್ಚ್‌ನಲ್ಲಿ ಕಮಿಟಿ ಕೂತಿತು. ಆದಿಲಕ್ಷ್ಮಿಯ ನೌಕರಿ ಖಾಯಂ ಆಯಿತು. ರಾಮಚಂದ್ರಪ್ಪನವರು ಮಾತಿಗೆ ತಪ್ಪುವವರಲ್ಲ. ಅದಕ್ಕೂ ಮುಂಚೆ ಸಂಪಾದಕರಿಂದ ಒಂದು ತಿದ್ದುಪಡಿ ಬಂದಿತ್ತು, ಇಪ್ಪತ್ತಮೂರನೆಯ ರೆಫರೆನ್ಸಿನ ಕೆಳಗೆ ಎರಡು ಸಾಲು ಸೇರಿಸಬೇಕೆಂದು. ಅದನ್ನೂ ಅವಳೇ ಟೈಪ್ ಮಾಡಿದಳು.

ಜೂನ್‌ನಲ್ಲಿ ಪತ್ರಿಕೆ ಬಂತು. ಬಚ್ಚಿಡಬೇಕೆಂದು ರೈಲಿನುದ್ದಕ್ಕೂ ಅಂದುಕೊಂಡಳು. ಆದರೆ ಜನವರಿಯಿಂದ ಒಮ್ಮೆಯೂ ಕೇಳದಿದ್ದ ಅಪ್ಪ ಆವತ್ತು ಅವಳ ಚೀಲ ನೋಡಿ ಕೈಚಾಚಿದ. ಬಾಗಿಲ ಬೆಳಕಿಗೆ ಹೋಗಿ ಕೊನೆಯ ಪುಟ ಬಿಚ್ಚಿದ. ಜರ್ಮನಿಯವನ ಕೆಳಗೆ, ಜಪಾನಿನವನ ಮೇಲೆ ಅವನ ಹೆಸರಿತ್ತು. ಹೆಸರಿನ ಪಕ್ಕ ಕಂಸದಲ್ಲಿ 'ದಿವಂಗತ' ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು. 'ಬರೆದವರ ತಮ್ಮ ಮುನಿನಾರಾಯಣಪ್ಪನವರ ಹೇಳಿಕೆಯಂತೆ ದಿವಂಗತರ ಎಣಿಕೆ ಪೂರ್ತಿ ನಂಬಲರ್ಹವಲ್ಲ. 1962ರ ಮೊದಲ ನಮೂದೂ ತಪ್ಪು.'

ಅಪ್ಪ ಎರಡು ಸಲ ಓದಿದ.

"ಇದೂ ನೀನೇ ಟೈಪ್ ಒಡ್ದಿದ್ದಾ?"

"ಊಂ."

"ಒಂದು ತಪ್ಪಿಲ್ಲ ಕಣಮ್ಮ," ಎಂದು ಪತ್ರಿಕೆಯನ್ನು ಅವಳ ಕೈಗೆ ಕೊಟ್ಟು, ಬಾಗಿಲ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ.

ಕೂತು ಹತ್ತು ನಿಮಿಷವಾಗಿರಲಿಲ್ಲ, ನೆಲ ಗುಡುಗಿತು. ಗೋಡೆ ನಡುಗಿತು. ಲೋಟ ಬಿತ್ತು, ತಟ್ಟೆ ಬಿತ್ತು, ಅದರ ಹಿಂದೆ ಚೊಂಬೂ ಠಣ್ಣನೆ ಬಿದ್ದು ಉರುಳಿತು.

"ನೋಡ್ರೀ, ಚೊಂಬು ಬಿತ್ತು! ಟೈಮ್ ನೋಡ್ಕಳ್ರೀ!" ಎಂದು ಒಲೆಯ ಮುಂದಿನಿಂದ ಚಿಕ್ಕವೆಂಕಟಮ್ಮ ಕೂಗಿದಳು. ಕಟ್ಟೆಯ ಮೇಲಿದ್ದವನು ಅಲ್ಲಾಡಲಿಲ್ಲ. ಅವಳು ಮತ್ತೆ ಕೂಗಿದಳು. ಅವನು ಕತ್ತು ಕೂಡ ತಿರುಗಿಸಲಿಲ್ಲ.

ಆದಿಲಕ್ಷ್ಮಿ ಎದ್ದಳು. ಗಡಿಯಾರ ನೋಡಿದಳು, ಆರೂ ಇಪ್ಪತ್ತು. ಹನ್ನೆರಡೂ ಕೊಟ್ಟ ಮೇಲೆ ಅಪ್ಪ ಶುರುಮಾಡಿ ಗೂಡಿನಲ್ಲಿಟ್ಟಿದ್ದ ಹದಿಮೂರನೆಯ ನೋಟ್‌ಬುಕ್ಕನ್ನು ತೆಗೆದು, ಪೆನ್ನು ಹಿಡಿದು, ಕೊನೆಯ ನಮೂದಿಗಾಗಿ ಪುಟ ತಿರುವಿದಳು. ಐದು ತಿಂಗಳಿಂದ ಒಂದಕ್ಷರವೂ ಇರಲಿಲ್ಲ. ಎಷ್ಟು ಸಲ ಲೋಟ ಬಿದ್ದಿತ್ತು ಈ ಐದು ತಿಂಗಳಲ್ಲಿ! ಕೊನೆಯದು ಜನವರಿಯ ಮೊದಲ ಶನಿವಾರದ್ದು, ಸಂಪಾದಕರು ಬಂದ ದಿನದ್ದು. ಅಪ್ಪನ ಗುಂಡಗಿನ ಟೈಮ್ ಆಫೀಸ್ ಅಕ್ಷರದಲ್ಲಿ ಗಂಟೆ ಬರೆದಿತ್ತು, ಹನ್ನೆರಡೂ ಹತ್ತು. ಅದರ ಮುಂದೆ ಒಂದು ಸಾಲು.

'ಏನೂ ಬೀಳಲಿಲ್ಲ. ಅಣ್ಣ ಬರಲಿಲ್ಲ.'

"ಬರ್ದ್ಯೇನೇ?" ಎಂದು ಅಮ್ಮ ಒಳಗಿನಿಂದ ಕೇಳಿದಳು.

ಆದಿಲಕ್ಷ್ಮಿ ಪೆನ್ನಿನ ಮುಚ್ಚಳ ಹಾಕಿ, ನೋಟ್‌ಬುಕ್ಕನ್ನು ಮತ್ತೆ ಗೂಡಿನಲ್ಲಿಟ್ಟು, ಬಿದ್ದ ಪಾತ್ರೆಗಳನ್ನು ಎತ್ತಿಡಲು ಹೋದಳು. ಲೋಟ ಎಷ್ಟು ಅಂಚಿಗೆ ಇಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಅಪ್ಪನನ್ನು ಕೇಳಬೇಕಿತ್ತು, ಕೇಳಲಿಲ್ಲ.